ಬೆಣ್ಣೆಗಾಲಿನವರ ಪಕ್ಕದ ಸೀಟು

ಬೆಣ್ಣೆಗಾಲಿನವರು ಒಂದು ಬಾಗಿಲಿನ ಬಳಿ ಬಂದು ನಿಲ್ಲುವುದನ್ನು ನೋಡಬೇಕಿತ್ತು. ನಾವೆಲ್ಲ ಬಾಗಿಲ ತನಕ ಒಂದೇ ಸಮನೆ ನಡೆದು ಅಲ್ಲಿ ಗಕ್ಕನೆ ನಿಲ್ಲುತ್ತೇವೆ; ಅವರು ಓಣಿಯ ಅರ್ಧದಲ್ಲೇ ನಡಿಗೆಯನ್ನು ಸಡಿಲಬಿಟ್ಟು, ಹೆಜ್ಜೆಯಿಂದ ಹೆಜ್ಜೆಗೆ ವೇಗವನ್ನು ಕರಗಿಸುತ್ತ, ಹುಟ್ಟು ಹಾಕುವುದನ್ನು ನಿಲ್ಲಿಸಿದ ದೋಣಿ ದಡಕ್ಕೆ ಬರುವಂತೆ ತೇಲಿಕೊಂಡು ಬಂದು, ಮೈಯಲ್ಲಿ ಉಳಿದ ಕೊನೆಯ ಚೂರು ಚಲನೆ ಸರಿಯಾಗಿ ಹೊಸ್ತಿಲ ಮೇಲೆ ಮುಗಿಯುವ ಹಾಗೆ ನಿಲ್ಲುತ್ತಿದ್ದರು. ಹೊರಡುವಾಗಲೂ ಹಾಗೆಯೇ: ಮೊದಲ ಹೆಜ್ಜೆ ಇಟ್ಟರೋ ಇಲ್ಲವೋ ಎಂಬುದು ತಿಳಿಯುತ್ತಿರಲಿಲ್ಲ, ನೋಡನೋಡುತ್ತ ಅವರು ಇಲ್ಲಿರುವ ಬದಲು ಅಲ್ಲಿರುತ್ತಿದ್ದರು. ಇಂಥವರ ಜೊತೆಯಲ್ಲಿ ನಡೆಯುವುದು ಯಾರಿಗೂ ಆಗುತ್ತಿರಲಿಲ್ಲ. ಹೊರಡುವಾಗ ನಾವು ಮುಂದಾಗುತ್ತಿದ್ದೆವು, ನಡುದಾರಿಯಲ್ಲಿ ಅವರು ಮುಂದಾಗುತ್ತಿದ್ದರು, ಕೊನೆಗೆ ಮತ್ತೆ ನಾವೇ ಮುಂದೆ ನಿಂತು ಅವರಿಗಾಗಿ ಕಾಯಬೇಕಾಗುತ್ತಿತ್ತು. ಹಾಗಾಗಿ ಅವರು ಸಾಮಾನ್ಯವಾಗಿ ಒಬ್ಬರೇ ನಡೆಯುತ್ತಿದ್ದರು.

ಅವರ ಮೈಮೇಲೆ ಸದಾ ಒಂದು ಬೂದು ಬಣ್ಣದ ಕೋಟು. ಬೇಸಿಗೆಯ ನೆತ್ತಿ ಸುಡುವ ಬಿಸಿಲಿನಲ್ಲೂ ಅದರ ಗುಂಡಿಗಳನ್ನು ಕೊರಳಿನ ತನಕ ಹಾಕಿಕೊಂಡೇ ಇರುತ್ತಿದ್ದರು. "ಬೇಯಲ್ವಾ ನಿಮಗೆ?" ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಬಿಚ್ಚಿದ್ರೆ ಗಾಳಿ ಹಿಡಿಯುತ್ತೆ" ಎಂದರು. ನೆಗಡಿಗೆ ಹೆದರುವ ಜೀವವೆಂದು ನಾನು ತಿಳಿದುಕೊಂಡೆ. ಅವರು ಹೇಳಿದ್ದು ಅದಲ್ಲ. ಬಿಚ್ಚಿದ ಕೋಟಿನ ಅಂಚು ಎದುರುಗಾಳಿಯನ್ನು ತಡೆದು ನಡೆಯುವವನ ಶಕ್ತಿಯನ್ನು ವ್ಯರ್ಥಮಾಡುತ್ತದೆ ಎಂಬುದು ಅವರ ಚಿಂತೆ. ಗಾಳಿಯನ್ನು ಅವರು ಒಬ್ಬ ಹಳೆಯ ದಾಯಾದಿಯನ್ನು ಕಂಡ ಹಾಗೆ ಕಾಣುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಸರ್ಕಾರದ ವಾಹನ ಪರೀಕ್ಷಾಲಯದಲ್ಲಿ; ಅವರು ಅಲ್ಲಿ ಚಾಲಕರು. ಊರಿನ ಅಂಚಿನಲ್ಲಿ, ಗೋದಾಮುಗಳ ಸಾಲು ಮುಗಿದ ಮೇಲೆ ಬರುವ, ಕಿಟಕಿಗಳೇ ಇಲ್ಲದ ಉದ್ದನೆಯ ಕಟ್ಟಡ ಅದು. ಹೊಸ ಕಾರಿನ ಗಾಜಿಗೆ ಒಂದು ಚೀಟಿ ಅಂಟಿಸಿರುತ್ತಾರಲ್ಲ, ಲೀಟರಿಗೆ ಇಷ್ಟು ಕಿಲೋಮೀಟರು ಎಂದು, ಆ ಅಂಕಿ ಹುಟ್ಟುವುದು ಅಲ್ಲಿ. ಆ ಚೀಟಿಯನ್ನು ಹೇಗೆ ಓದಬೇಕೆಂದು ಕಾರು ಕೊಳ್ಳುವವರಿಗೆ ತಿಳಿಯುವ ಭಾಷೆಯಲ್ಲಿ ಒಂದು ಕಿರುಹೊತ್ತಗೆ ಬರೆದುಕೊಡಿ ಎಂದು ಇಲಾಖೆಯವರು ನನ್ನನ್ನು ಕರೆಸಿದ್ದರು. ಪ್ರಬಂಧ ಬರೆಯುವವನಿಗೆ ಪೆಟ್ರೋಲಿನ ಗೊಡವೆ ಏಕೆ ಎಂದು ಕೇಳಬೇಡಿ. ಬರೀ ಪ್ರಬಂಧ ಬರೆದು ಹೊಟ್ಟೆ ಹೊರೆದವರನ್ನು ತೋರಿಸಿದರೆ ಉತ್ತರ ಕೊಡುತ್ತೇನೆ. ಮೇಲಾಗಿ ನಾನು ಕಾರು ಓಡಿಸುವ ರೀತಿಯೂ ಆ ಕೆಲಸಕ್ಕೆ ತಕ್ಕುದಾಗಿರಲಿಲ್ಲ. ನಾನು ಪೆಡಲು ತುಳಿಯುವುದು ಜಿರಳೆಯನ್ನು ತುಳಿದ ಹಾಗೆ ಎಂದು ನನ್ನ ಅಕ್ಕ ಹೇಳುತ್ತಾಳೆ.

ನಿಯಮ ಸರಳವಾದದ್ದು. ಒಂದು ಕಂಪನಿ ವರ್ಷವಿಡೀ ಮಾರಿದ ಕಾರುಗಳ ಮೈಲೇಜಿನ ಸರಾಸರಿಯು ಸರ್ಕಾರ ಎಳೆದ ಗೆರೆಗಿಂತ ಕೆಳಗೆ ಇಳಿಯಕೂಡದು, ಇಳಿದರೆ ದಂಡ. ಕೆಲವು ವರ್ಷಗಳಿಗೊಮ್ಮೆ ಆ ಗೆರೆಯನ್ನು ಇನ್ನಷ್ಟು ಮೇಲಕ್ಕೆ ಸರಿಸುತ್ತಾರೆ. ಕಂಪನಿಗಳು ಗೊಣಗುತ್ತವೆ, ಆಮೇಲೆ ಎಂಜಿನ್ನನ್ನು ತಿದ್ದುತ್ತವೆ, ಬಾಗಿಲುಗಳನ್ನು ಹಗುರ ಮಾಡುತ್ತವೆ, ಟೈರಿನ ಘರ್ಷಣೆ ತಗ್ಗಿಸುತ್ತವೆ. ಈ ಗೆರೆ ಬರುವುದಕ್ಕೆ ಮೊದಲಿನ ಕಾರುಗಳನ್ನು ಬೆಣ್ಣೆಗಾಲಿನವರು "ಕುಡುಕರು" ಎಂದೇ ಕರೆಯುತ್ತಿದ್ದರು. ಅವಕ್ಕೆ ಎಷ್ಟು ಹೊಯ್ದರೂ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನುತ್ತಿದ್ದರು. ಗೆರೆ ಮೇಲಕ್ಕೆ ಹೋದಷ್ಟೂ ಅವರಿಗೆ ಹಿಗ್ಗು, ಮನೆಯ ಮಗು ಗೋಡೆಯ ಗುರುತಿಗಿಂತ ಎತ್ತರವಾದಾಗ ಆಗುವಂಥ ಹಿಗ್ಗು. ಆ ಹಿಗ್ಗಿನಲ್ಲಿ ಕಪಟವಿರಲಿಲ್ಲ ಎಂಬುದನ್ನು ನಾನು ಮೊದಲೇ ಹೇಳಿಬಿಡಬೇಕು.

ಪರೀಕ್ಷೆಗೆ ಬಂದ ಕಾರನ್ನು ಹಿಂದಿನ ದಿನವೇ ಒಂದೇ ಹದದ ಶಾಖವಿರುವ ಕೋಣೆಯಲ್ಲಿ ನಿಲ್ಲಿಸುತ್ತಾರೆ. ಎಂಜಿನ್ನು ಒಡಲಿನ ತನಕ ಕೋಣೆಯಷ್ಟೇ ತಣ್ಣಗಾಗಬೇಕು. ಆ ಕೋಣೆಯಲ್ಲಿ ಸಾಲಾಗಿ ನಿಂತ ಕಾರುಗಳ ನಡುವೆ ನಾನು ಎಂದಿನ ದನಿಯಲ್ಲಿ ಏನೋ ಕೇಳಿದಾಗ ಬೆಣ್ಣೆಗಾಲಿನವರು ತುಟಿಯ ಮೇಲೆ ಬೆರಳಿಟ್ಟು, "ಮೆತ್ತಗೆ ಮಾತಾಡಿ, ಮಲಗಿವೆ" ಎಂದರು. ತಮಾಷೆಯಿರಬೇಕೆಂದು ಅವರ ಮುಖ ನೋಡಿದೆ. ಅಲ್ಲಿ ತಮಾಷೆ ಇರಲಿಲ್ಲ. ಮರುದಿನ ಕಾರನ್ನು ಚಾಲೂ ಮಾಡದೆ, ಕೈಯಿಂದಲೇ ತಳ್ಳಿಕೊಂಡು ಹೋಗಿ, ನೆಲದಲ್ಲಿ ಹುದುಗಿಸಿದ ದೊಡ್ಡ ಉರುಳೆಗಳ ಮೇಲೆ ಚಕ್ರಗಳನ್ನು ಕೂರಿಸಿ ಬಿಗಿಯುತ್ತಾರೆ. ಮುಂದೊಂದು ಆಳೆತ್ತರದ ಫ್ಯಾನು. ಹಿಂದೆ ಹೊಗೆಕೊಳವೆಗೆ ಒಂದು ಕೊಳಾಯಿ ಜೋಡಿಸಿ, ಕಾರು ಬಿಟ್ಟ ಉಸಿರನ್ನೆಲ್ಲ ಚೀಲಗಳಲ್ಲಿ ಹಿಡಿಯುತ್ತಾರೆ. ಆ ಉಸಿರನ್ನು ಶೋಧಿಸಿಯೇ ಎಷ್ಟು ಪೆಟ್ರೋಲು ಉರಿಯಿತೆಂದು ಲೆಕ್ಕ ಹಾಕುವುದು. ಚಕ್ರಗಳು ತಿರುಗುತ್ತವೆ, ಉರುಳೆಗಳು ತಿರುಗುತ್ತವೆ, ಕಾರು ಮಾತ್ರ ನಿಂತಲ್ಲೇ ಇರುತ್ತದೆ.

ಒಳಗೆ ಕೂತವನ ಕಣ್ಣ ಮುಂದೆ ಒಂದು ಪರದೆ. ಅದರ ಮೇಲೆ ವೇಗದ ಗೆರೆಯೊಂದು ಏರುತ್ತ ಇಳಿಯುತ್ತ ಸಾಗುತ್ತದೆ: ಇಲ್ಲಿ ಪೇಟೆಯ ಬೀದಿ, ಇಲ್ಲಿ ಸಿಗ್ನಲ್ಲು, ಇಲ್ಲಿ ಹೆದ್ದಾರಿ ಎಂದು ಯಾವುದೋ ಕಾಲದಲ್ಲಿ ಯಾರೋ ಕಲ್ಪಿಸಿದ ದಾರಿ. ಚಾಲಕ ತನ್ನ ಚುಕ್ಕೆಯನ್ನು ಆ ಗೆರೆಯ ಮೇಲೆ ನಡೆಸಬೇಕು; ಕಾಲು ತಪ್ಪಿದರೆ ಕ್ಷಮಿಸಲೆಂದು ಗೆರೆಯ ಎರಡೂ ಬದಿಗೆ ಒಂದಿಷ್ಟು ಸಲಿಗೆಯ ಜಾಗವಿದೆ. ಉಳಿದ ಚಾಲಕರ ಚುಕ್ಕೆ ಆ ಓಣಿಯಲ್ಲಿ ಅಮಲೇರಿದವನಂತೆ ಅತ್ತಿತ್ತ ತೂರಾಡಿಕೊಂಡು ಹೋಗುತ್ತಿತ್ತು. ಬೆಣ್ಣೆಗಾಲಿನವರಿಗೆ ಆ ದಾರಿ ಬಾಯಿಪಾಠ. ಏರು ಬರುವುದಕ್ಕೆ ಮೊದಲೇ ಅದನ್ನು ಅರಿತು, ಇಳಿಯುವುದಕ್ಕೆ ಮೊದಲೇ ಕಾಲು ಸಡಿಲಿಸಿ, ಪ್ರತಿಯೊಂದು ಮೂಲೆಯನ್ನೂ ಅಂಗೈಯಿಂದ ಸವರಿದ ಹಾಗೆ ನುಣ್ಣಗೆ ಮಾಡಿ, ಗೆರೆಯನ್ನು ಎಲ್ಲೂ ಮೀರದೆ, ಹನಿ ಪೆಟ್ರೋಲನ್ನೂ ವ್ಯರ್ಥಮಾಡದೆ ಸಾಗುತ್ತಿದ್ದರು. ಇದಕ್ಕೆಂದೇ ತೆಳ್ಳನೆಯ ಅಡಿಯ ಒಂದು ಜೊತೆ ಬಟ್ಟೆಯ ಬೂಟುಗಳಿದ್ದವು; ಬಲಗಾಲಿನದು ಹೆಬ್ಬೆರಳಿನ ಜಾಗದಲ್ಲಿ ಸವೆದು ಕಾಗದದಂತಾಗಿತ್ತು. ಬೆಣ್ಣೆಯ ಮೇಲೆ ಇಟ್ಟರೂ ಗುರುತು ಮೂಡದ ಕಾಲು ಎಂದು ಸಹೋದ್ಯೋಗಿಗಳು ಇಟ್ಟ ಹೆಸರು ನಿಂತುಬಿಟ್ಟಿತು. ಕಂಪನಿಯವರಂತೂ, "ಬೆಣ್ಣೆಗಾಲಿನವರ ಪಾಳಿ ಯಾವತ್ತು? ಅವತ್ತೇ ನಮ್ಮ ಗಾಡಿ ತರ್ತೀವಿ" ಎಂದು ಕೇಳಿಕೊಂಡು ಬರುತ್ತಿದ್ದರು. ಅದರಲ್ಲಿ ಮೋಸವೇನೂ ಇರಲಿಲ್ಲ. ಇಂಥವರು ಓಡಿಸಬಾರದೆಂದು ಎಲ್ಲೂ ಬರೆದಿರಲಿಲ್ಲ.

ಕಿರುಹೊತ್ತಗೆಯ ನೆಪದಲ್ಲಿ ನಮ್ಮ ನಡುವೆ ಒಂದು ಬಗೆಯ ಸ್ನೇಹ ಬೆಳೆಯಿತು. ಒಂದು ಭಾನುವಾರ ಅವರ ಮನೆಗೆ ಹೋದೆ. ಮೂರನೆಯ ಮಹಡಿಯ ಎರಡು ಕೋಣೆಗಳ ಮನೆ. ನಡುಮನೆಯಲ್ಲಿ ಒಂದು ಮರದ ಕುರ್ಚಿ, ಅದರ ಎದುರಿಗೆ ಹಲಗೆಯ ಮೇಲೆ ಕೂರಿಸಿದ ಒಂದು ಕಾರಿನ ಸೀಟು. ತಲೆದಿಂಬು, ಪಕ್ಕದ ಹಿಡಿ, ಜೋತಾಡುವ ಬೆಲ್ಟು ಎಲ್ಲವೂ ಇದ್ದ ಇಡೀ ಸೀಟು. ಅತಿಥಿಗಳಿಗೆ ಅದೇ ಆಸನ. ನಾನು ಕುಳಿತವನೇ ಅಭ್ಯಾಸಬಲದಿಂದ ಬೆಲ್ಟಿಗೆ ಕೈಹಾಕಿದೆ. "ಹಾಕ್ಕೊಳ್ಳಿ, ಪರವಾಗಿಲ್ಲ. ಆದರೆ ಎಲ್ಲಿಗೂ ಹೋಗಲ್ಲ" ಎಂದು ಅವರು ನಕ್ಕರು. ಅವರು ನಗುವುದನ್ನು ಕಂಡದ್ದು ಅದೇ ಮೊದಲು.

ಅದು ಅವರದೇ ಕಾರಿನ ಪಕ್ಕದ ಸೀಟು. ಭಾರ ಇಳಿದಷ್ಟೂ ಮೈಲೇಜು ಏರುತ್ತದೆ ಎಂಬುದು ಯಾರೂ ಅಲ್ಲಗಳೆಯಲಾಗದ ಸತ್ಯ. ನಾವು ಆ ಸತ್ಯವನ್ನು ತಿಳಿದು ಸುಮ್ಮನಿರುತ್ತೇವೆ, ಅವರು ಸ್ಪಾನರು ಹಿಡಿದು ಕೂತರು. ಮೊದಲು ಹಿಂದಿನ ಸೀಟು ಹೋಯಿತು. ಆಮೇಲೆ ಡಿಕ್ಕಿಯ ಚಾಪೆ, ಜಾಕು, ಕೊನೆಗೆ ಸ್ಟೆಪ್ನಿಯೂ ಹೋಯಿತು. ಸ್ಟೆಪ್ನಿ ಹೋದ ವಾರವೇ ಪಂಕ್ಚರಾಗಿ, ಯಾರದೋ ಜಾಕು ಎರವಲು ಪಡೆದು, ಕೋಟಿನ ಗುಂಡಿ ಬಿಚ್ಚದೆ ಚಕ್ರವನ್ನು ಉರುಳಿಸಿಕೊಂಡು ಊರಾಚೆಯ ಅಂಗಡಿಯ ತನಕ ನಡೆದರಂತೆ. "ಅಷ್ಟು ದಿನ ಸ್ಟೆಪ್ನಿ ಹೊತ್ತಿದ್ರೆ ಎಷ್ಟು ಪೆಟ್ರೋಲು ದಂಡ ಆಗ್ತಿತ್ತು, ಯೋಚ್ನೆ ಮಾಡಿ" ಎಂದು ನನಗೇ ಬುದ್ಧಿ ಹೇಳಿದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದಾರೆ; ಇವರು ಹಾಸಿಗೆ ಎಷ್ಟೇ ಉದ್ದವಿದ್ದರೂ ಮುದುಡಿಕೊಂಡೇ ಮಲಗುವವರು.

ಆದರೆ ಪಕ್ಕದ ಸೀಟಿನ ಕತೆ ಬೇರೆ. ಅದನ್ನು ಅವರು ಒಂದೇ ಸಲಕ್ಕೆ ಹೇಳಲಿಲ್ಲ. ಮಾತನ್ನೂ ಹನಿಹನಿಯಾಗಿ ಬಿಡುವ ಮನುಷ್ಯ. ನಾಲ್ಕಾರು ಭೇಟಿಗಳಲ್ಲಿ ನಾನು ಕೂಡಿಸಿಕೊಂಡದ್ದು ಇಷ್ಟು.

ಅವರ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವರು. ಕಣ್ಣಿನ ಎದುರು ಗಾಜು ಬದಲಿಸುತ್ತ, "ಇದರಲ್ಲಿ ಚೆನ್ನಾಗಿ ಕಾಣುತ್ತಾ, ಮೊದಲಿನದರಲ್ಲಾ?" ಎಂದು ಕೇಳಿ ಕೇಳಿ ನಂಬರು ಗೊತ್ತುಮಾಡುವುದು ಅವರ ಕೆಲಸ. ಇಬ್ಬರದೂ ಅಳೆಯುವ ಕಸುಬೇ. ಆಕೆ ಎದುರಿನವರನ್ನು ಕೇಳಿ ಅಳೆಯುತ್ತಿದ್ದರು, ಇವರು ಯಾರನ್ನೂ ಕೇಳದೆ ಅಳೆಯುತ್ತಿದ್ದರು. ಸೆಖೆಯಲ್ಲಿ ಎಲ್ಲಿಗಾದರೂ ಹೊರಟಾಗ ಆಕೆ, "ಏನ್ರೀ, ಉಸಿರು ಕಟ್ತಿದೆ, ಕಿಟಕಿ ಸ್ವಲ್ಪ ಇಳಿಸ್ಲಾ?" ಎನ್ನುವರು. "ಬೇಡ, ಗಾಳಿ ಹಿಡಿಯುತ್ತೆ." ಹಿಂದಿನವರು ಹಾರ್ನು ಹೊಡೆಯುವರು, ಸೈಕಲ್ಲಿನವರು ದಾಟಿ ಹೋಗುವರು, ಗಾಜೇರಿಸಿದ ಕಾರಿನೊಳಗೆ ಆಕೆ ಬೆವರುತ್ತ ಕೂತಿರುವರು. ಹೀಗೆ ವರ್ಷಗಳು ಉರುಳಿದವು.

ಆಕೆಯ ತಂಗಿ ಬೆಟ್ಟದ ಮೇಲಿನ ಊರಿನಲ್ಲಿ ತನ್ನದೇ ಒಂದು ಕನ್ನಡಕದ ಅಂಗಡಿ ತೆರೆದಳು. "ಅಕ್ಕಾ, ಬಾಗಿಲು ನೀನೇ ತೆಗೀಬೇಕು. ನೀನು ಬರೋ ತನಕ ಬೀಗಕ್ಕೆ ಕೈ ಹಚ್ಚಲ್ಲ" ಎಂದಿದ್ದಳಂತೆ. ಗಂಡ ಹೆಂಡತಿ ಬೆಳಿಗ್ಗೆಯೇ ಹೊರಟರು. ಬೆಟ್ಟಕ್ಕೆ ನೇರವಾದ ಏರುರಸ್ತೆಯೊಂದಿದೆ. ಬೆಟ್ಟವನ್ನು ಬಳಸಿಕೊಂಡು, ಏರೇ ಗೊತ್ತಾಗದ ಹಾಗೆ ಹೋಗುವ ಸುತ್ತುದಾರಿಯೂ ಒಂದಿದೆ. ಏರಿನಲ್ಲಿ ಪೆಟ್ರೋಲು ಕುಡಿಯುತ್ತದೆಂದು ಇವರು ಸುತ್ತುದಾರಿ ಹಿಡಿದರು. ತಲುಪಿದಾಗ ಬಂದವರೆಲ್ಲ ಹೊರಟುಹೋಗಿ, ಬಾಡಿಗೆಯ ಕುರ್ಚಿಗಳನ್ನು ಮಡಿಚಿ ಇಡುತ್ತಿದ್ದರು. ಕಾದು ಕಾದು ಸಾಕಾಗಿ, ಬೀಗವನ್ನು ಬೇರೆ ಯಾರೋ ತೆಗೆದಾಗಿತ್ತು. ಆಕೆ ತಂಗಿಗೆಂದು ತಂದಿದ್ದ ಹೂಗಳು ಮುಚ್ಚಿದ ಕಾರಿನ ಸೆಖೆಗೆ ಬಾಡಿ ಕೈಯಲ್ಲೇ ತಲೆಬಾಗಿದ್ದವು. ಆ ಹೊತ್ತಿನಲ್ಲಿ ಬೆಣ್ಣೆಗಾಲಿನವರು ಮೀಟರಿನ ಕಡೆ ಬಗ್ಗಿ ಲೆಕ್ಕಹಾಕಿ, ಹೆಂಡತಿಯ ಭುಜ ತಟ್ಟಿ, "ನೋಡು, ಇವತ್ತಿನಷ್ಟು ಯಾವತ್ತೂ ಬಂದಿರಲಿಲ್ಲ!" ಎಂದರಂತೆ.

ಆಕೆ ಕೂಗಾಡಲಿಲ್ಲ. "ಇನ್ಮೇಲೆ ನಾನು ಬಸ್ಸಲ್ಲೇ ಓಡಾಡ್ತೀನಿ. ನಿಮ್ಮ ಗಾಡೀಲಿ ನಾನು ಬರೀ ಭಾರ" ಎಂದರು.

ಲೋಕದ ಯಾವ ಗಂಡನೇ ಆಗಿದ್ದರೂ ಆ ಮಾತಿನಲ್ಲಿದ್ದ ಅಳುವನ್ನು ಕೇಳಿಸಿಕೊಳ್ಳುತ್ತಿದ್ದ, ಇಲ್ಲವೇ ತಿರುಗಿ ಜಗಳವಾಡುತ್ತಿದ್ದ. ಇವರು ಎರಡನ್ನೂ ಮಾಡದೆ ಅದನ್ನೊಂದು ಅಳತೆಯ ಫಲಿತಾಂಶವೆಂದು ಸ್ವೀಕರಿಸಿದರು. ಮರುದಿನ ಬೆಳಿಗ್ಗೆ ಸ್ಪಾನರು ತೆಗೆದುಕೊಂಡು ಕೆಳಗಿಳಿದು, ಬೋಲ್ಟು ಬಿಚ್ಚಿ, ಸೀಟನ್ನು ಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತಿ ತಂದು ನಡುಮನೆಯಲ್ಲಿ ಇಟ್ಟರು. ಹೆಂಡತಿ ಹೇಳಿದ್ದನ್ನು ತಕ್ಷಣವೇ ನಡೆಸಿಕೊಟ್ಟ ತೃಪ್ತಿ ಬೇರೆ. ಕೆಲಸದಿಂದ ಮರಳಿದ ಆಕೆ ಬಾಗಿಲಲ್ಲಿ ನಿಂತು ಅದನ್ನು ಬಹಳ ಹೊತ್ತು ನೋಡಿದರಂತೆ. ಆಮೇಲೆ ಅದರ ಮೇಲೆ ಕೂತು, ಚಪ್ಪಲಿ ಬಿಚ್ಚಿದರಂತೆ. ಅಂಗಡಿಯಲ್ಲಿ ತಂಗಿಯೊಬ್ಬಳೇ ಕಷ್ಟಪಡುತ್ತಿದ್ದಾಳೆ ಎಂಬ ಮಾತು ಆ ರಾತ್ರಿಯ ಊಟದಲ್ಲಿ ಬಂತು. ಮುಂದಿನ ವಾರ ಆಕೆ ಒಂದು ಪೆಟ್ಟಿಗೆ ಹಿಡಿದುಕೊಂಡು ಬೆಟ್ಟದ ಊರಿನ ಬಸ್ಸು ಹತ್ತಿದರು.

"ಅವಳು ಕೇಳಿದ್ದನ್ನೇ ಮಾಡಿದೆ ಕಣ್ರೀ" ಎಂದು ಬೆಣ್ಣೆಗಾಲಿನವರು ಅರ್ಥವಾಗದ ಮಗುವಿನಂತೆ ನನ್ನ ಮುಖ ನೋಡಿದರು. "ನೀವು ಹೋಗಿ ಕರೆದು ಬರಬಹುದಲ್ಲ?" ಎಂದರೆ, ಅವರ ಬಳಿ ಎಲ್ಲದಕ್ಕೂ ಸಲ್ಲುವ ಒಂದೇ ಉತ್ತರವಿತ್ತು: "ಬಿಟ್ಬಿಡಿ, ತಾನೇ ಬರುತ್ತೆ." ಕಾರು ಓಡಿಸುವ ಅವರ ವೇದಾಂತವೂ ಅದೇ. ಪೆಡಲಿನಿಂದ ಕಾಲು ತೆಗೆದರೆ ಗಾಡಿ ತನ್ನ ವೇಗದಲ್ಲೇ ಬಹುದೂರ ಬರುತ್ತದೆ, ತುಳಿಯುವವನು ಅವಿವೇಕಿ. ತಡವಾದ ಬಸ್ಸಿಗೂ, ತಪ್ಪಿಹೋದ ಬಡ್ತಿಗೂ, ಕೆಟ್ಟುಹೋದ ಕೊಳಾಯಿಯ ನೀರಿಗೂ ಅದೇ ಮಾತು. ಹೆಂಡತಿಯ ವಿಷಯದಲ್ಲೂ ಅವರು ಕಾಲು ತೆಗೆದು ಕಾಯುತ್ತಿದ್ದರು. ಇಷ್ಟು ವರ್ಷ ಜೊತೆಯಲ್ಲಿ ಓಡಿದ ಸಂಸಾರಕ್ಕೆ ಅಷ್ಟಾದರೂ ವೇಗ ಉಳಿದಿರಬೇಕೆಂದು ನಂಬಿದ್ದರು. ಆ ಸೀಟಿನ ಮೇಲೆ ಕೂತು ಅವರ ಮಾತು ಕೇಳುವಾಗ, ಒಬ್ಬರಿಗೆ ಮೀಸಲಾದ ಜಾಗದಲ್ಲಿ ಕೂತವನ ಮುಜುಗರ ನನಗಾಗುತ್ತಿತ್ತು.

ಈ ನಡುವೆ ಪರೀಕ್ಷಾಲಯದಲ್ಲಿ ಗಾಳಿ ಬೇರೆ ಕಡೆಯಿಂದ ಬೀಸತೊಡಗಿತು. ಅಲ್ಲಿನ ಮುಖ್ಯಸ್ಥೆ ಮಾತಿನಲ್ಲಿ ಖಡಕ್ಕು, ಲೆಕ್ಕದಲ್ಲಿ ಅದಕ್ಕಿಂತ ಖಡಕ್ಕು. ಚೀಟಿಯ ಅಂಕಿಗೂ ರಸ್ತೆಯ ಅನುಭವಕ್ಕೂ ತಾಳೆಯಿಲ್ಲ ಎಂಬ ದೂರುಗಳು ಬಂದಾಗ ಆಕೆ ಕಂಪನಿಗಳ ಮೇಲೆ ಹರಿಹಾಯಲಿಲ್ಲ, ಜನರನ್ನೂ ಗದರಲಿಲ್ಲ. ಒಂದೇ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಕ್ಯಾಂಟೀನಿನವರನ್ನು, ಗೇಟಿನವರನ್ನು, ಲೆಕ್ಕಪತ್ರದವರನ್ನು ಒಳಗೆ ಕೂರಿಸಿ ಅವರ ಕೈಲೇ ಓಡಿಸಿದರು, ಕೊನೆಗೆ ತಾವೂ ಕೂತು ಓಡಿಸಿದರು. ಎಲ್ಲರ ಅಂಕಿಗಳೂ ಒಂದರ ಪಕ್ಕ ಒಂದು ಕೂತವು. ಬೆಣ್ಣೆಗಾಲಿನವರದು ಮಾತ್ರ ದೂರ, ಮೇಲೆ, ಒಂಟಿಯಾಗಿ ನಿಂತಿತು.

ಆಕೆ ಅವರನ್ನು ಕರೆದಾಗ ನಾನೂ ಅಲ್ಲೇ ಇದ್ದೆ. "ನಿಮ್ಮ ತಪ್ಪೇನಿಲ್ಲ. ನೀವು ಯಾವ ನಿಯಮಾನೂ ಮೀರಿಲ್ಲ" ಎಂದರು. "ನಿಮ್ಮಂಥ ಕಾಲು ಊರಲ್ಲಿ ಇನ್ನೊಂದಿಲ್ಲ ಅನ್ನೋದೇ ತೊಂದರೆ."

"ಜನ ಕಲೀಬಹುದಲ್ಲ ಮೇಡಂ? ಬಿಟ್ರೆ ತಾನೇ..."

"ಅವರು ಕಲಿಯೋ ತನಕ ನಮ್ಮ ಚೀಟಿ ಸುಳ್ಳು ಹೇಳ್ತಿರುತ್ತೆ."

ಬೆಣ್ಣೆಗಾಲಿನವರು ತಮ್ಮ ಬಲಗಾಲಿನ ಬೂಟನ್ನು ನೋಡುತ್ತ ಕೂತರು. ಅಷ್ಟು ದಿನ ಅವರು ನಂಬಿದ್ದೇನೆಂದರೆ, ತಾವು ತೋರಿಸಿಕೊಟ್ಟ ಅಂಕಿಯತ್ತ ಇಡೀ ಲೋಕ ನಿಧಾನವಾಗಿ ನಡೆದುಕೊಂಡು ಬರುತ್ತಿದೆ ಎಂದು. ಯಾರೂ ಬರುತ್ತಿಲ್ಲವೆಂದು ಆ ದಿನ ತಿಳಿಯಿತು.

ಪರೀಕ್ಷೆಗೆ ತರಬೇಕೆಂದಿದ್ದ ಹೊಸ ಮಾನದಂಡದ ಬಗ್ಗೆ ಇಲಾಖೆ ಒಂದು ಬಹಿರಂಗ ಸಭೆ ಕರೆಯಿತು. ಉದ್ದನೆಯ ಮೇಜಿನ ಒಂದು ಬದಿಗೆ ಕಂಪನಿಗಳ ಪ್ರತಿನಿಧಿಗಳು, ಇನ್ನೊಂದು ಬದಿಗೆ ಅಧಿಕಾರಿಗಳು, ಎದುರಿನ ಕುರ್ಚಿಗಳಲ್ಲಿ ಕಾರು ಇಟ್ಟುಕೊಂಡ ಜನ. ಬೆಣ್ಣೆಗಾಲಿನವರು ಹಿಂದಿನ ಸಾಲಿನಲ್ಲಿ ಕೋಟಿನ ಗುಂಡಿ ಹಾಕಿಕೊಂಡು ಕೂತಿದ್ದರು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಒಬ್ಬ ನರ್ಸಮ್ಮ ಎದ್ದುನಿಂತರು. ಮುಖದಲ್ಲಿ ಇಡೀ ದಿನದ ದಣಿವು.

"ನಾನೇನು ರೇಸಿಗೆ ಹೋಗಲ್ಲ ಸ್ವಾಮಿ. ಮಗಳನ್ನ ಶಾಲೆಗೆ ಬಿಡ್ತೀನಿ, ನಮ್ಮತ್ತೇನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ, ಯಾರಿಗೋ ನೋವು ಜಾಸ್ತಿ ಆಯ್ತು ಅಂತ ಫೋನು ಬಂದ್ರೆ ಬೇಗ ಹೋಗ್ತೀನಿ. ಚೀಟೀಲಿ ಬರ್ದಿರೋ ಮೈಲೇಜು ನಂಗೆ ಒಂದು ದಿನಾನೂ ಬಂದಿಲ್ಲ. ನನ್ನ ಕಾಲೇ ಸರಿಯಿಲ್ವೇನೋ ಅಂದ್ಕೊಂಡಿದ್ದೆ. ಒಂದೇ ಒಂದು ಹೇಳಿ, ಆ ಅಂಕಿ ಯಾರ ಕಾಲಿಂದು?"

ಕಂಪನಿಯ ಒಬ್ಬರು, ಎಲ್ಲವೂ ನಿಯಮದ ಪ್ರಕಾರವೇ ನಡೆದಿದೆ ಎಂದು ಶುರುಮಾಡಿದರು. ಹಿಂದಿನ ಸಾಲಿನಲ್ಲಿ ಯಾರೋ ಏಳುತ್ತಿರುವುದು ತಿಳಿದದ್ದು ಕುರ್ಚಿಯ ಸದ್ದಿನಿಂದಲ್ಲ, ಸಭೆಯ ಕತ್ತುಗಳೆಲ್ಲ ಆ ಕಡೆ ಹೊರಳಿದ್ದರಿಂದ.

"ನಂದು" ಎಂದರು ಬೆಣ್ಣೆಗಾಲಿನವರು.

ಅವರು ಹನಿಹನಿಯಾಗಿಯೇ ಮಾತಾಡಿದರು. "ಸುಳ್ಳಲ್ಲ ಅಮ್ಮಾ, ಅಷ್ಟು ಬರುತ್ತೆ. ನನಗೆ ದಿನಾ ಬರುತ್ತೆ. ಆದರೆ ಒಬ್ಬರೇ ಇರಬೇಕು. ಪಕ್ಕದಲ್ಲಿ ಯಾರೂ ಕೂತಿರಬಾರದು. ಎಷ್ಟು ಸೆಖೆ ಆದ್ರೂ ಕಿಟಕಿ ತೆಗೀಬಾರದು. ಏರು ಹತ್ತಬಾರದು. ಎಲ್ಲೂ ಯಾರೂ ನಿಮಗೋಸ್ಕರ ಕಾಯ್ತಿರಬಾರದು." ಆಮೇಲೆ ನರ್ಸಮ್ಮನ ಕಡೆ ತಿರುಗಿದರು. "ನಿಮ್ಮ ಕಾಲು ಸರಿಯಾಗೇ ಇದೆ. ನನ್ನ ಥರ ಓಡಿಸ್ಬೇಡಿ."

ನನಗೆ ಕಣ್ಣು ಮಂಜಾಯಿತು. ಅದನ್ನು ಮುಚ್ಚಿಡುವ ಅಗತ್ಯ ಈಗೇನೂ ಕಾಣುತ್ತಿಲ್ಲ.

ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಂಡ ಎಂದು ಸಹೋದ್ಯೋಗಿಗಳು ಆಡಿಕೊಂಡರು. ಒಂದು ಲೆಕ್ಕಕ್ಕೆ ಅದು ನಿಜ. ಹೊಸ ಮಾನದಂಡ ಜಾರಿಗೆ ಬಂದಾಗ ಪರೀಕ್ಷೆಯ ಒಂದು ಭಾಗ ನಿಜವಾದ ರಸ್ತೆಗೆ ಇಳಿಯಿತು. ಬೇರೆ ಬೇರೆ ಚಾಲಕರು ಓಡಿಸಬೇಕು, ಏರು ಹತ್ತಬೇಕು, ಪಕ್ಕದ ಸೀಟಿನಲ್ಲಿ ಒಬ್ಬರ ತೂಕ ಇರಲೇಬೇಕು ಎಂದಾಯಿತು. ಚೀಟಿಯ ಅಂಕಿಗಳು ಕುಗ್ಗಿದವು, ಕಂಪನಿಗಳು ಗೊಣಗಿದವು, ಮತ್ತೆ ಎಂಜಿನ್ನು ತಿದ್ದಲು ಕೂತವು. ಬೆಣ್ಣೆಗಾಲಿನವರ ಪಾಳಿಯನ್ನು ಕೇಳಿಕೊಂಡು ಬರುವವರು ಇಲ್ಲವಾದರು. ನನ್ನ ಕಿರುಹೊತ್ತಗೆಯೂ ರದ್ದಿಗೆ ಹೋಗಿ, ಮೊದಲಿನಿಂದ ಬರೆಯುವ ಹಣೆಬರಹ ನನ್ನದಾಯಿತು.

ಹೊಸದಾಗಿ ಬರೆದದ್ದನ್ನು ತೋರಿಸಲೆಂದು ಅವರ ಮನೆಗೆ ಹೋದರೆ ನಡುಮನೆಯಲ್ಲಿ ಸೀಟು ಇರಲಿಲ್ಲ. ಅದು ಇದ್ದ ಜಾಗದಲ್ಲಿ ನೆಲದ ಬಣ್ಣ ಚೌಕವಾಗಿ ಬೇರೆಯೇ ಕಾಣುತ್ತಿತ್ತು. ಬೆಣ್ಣೆಗಾಲಿನವರ ಬೆರಳುಗಳಿಗೆ ಗ್ರೀಸು ಮೆತ್ತಿತ್ತು.

"ಕೂತ್ಕೊಳ್ಳಿ ಅನ್ನೋಕೆ ಜಾಗ ಇಲ್ಲ" ಎಂದು ಸಂಕೋಚಪಟ್ಟರು. "ನಾಳೆ ಬೆಟ್ಟಕ್ಕೆ ಹೋಗ್ತೀನಿ. ನೀವು ನಿಮ್ಮ ಗಾಡೀಲಿ ಹಿಂದೆ ಬರ್ತೀರಾ? ನನ್ನ ಹತ್ರ ಸ್ಟೆಪ್ನಿ ಇಲ್ಲ."

"ಎರಡೆರಡು ಗಾಡಿ ಯಾಕೆ? ಪೆಟ್ರೋಲು ದಂಡ. ನನ್ನ ಸ್ಟೆಪ್ನಿ ನಿಮ್ಮ ಡಿಕ್ಕಿಗೆ ಹಾಕಿ, ನಾನು ನಿಮ್ಮ ಪಕ್ಕದಲ್ಲೇ ಕೂತು ಬರ್ತೀನಿ" ಎಂದು ಛೇಡಿಸಿದೆ.

ಅವರು ಗ್ರೀಸಿನ ಬೆರಳುಗಳನ್ನು ಒರೆಸಿಕೊಳ್ಳುತ್ತ ನಿಂತರು. "ಬೇಡ... ಆ ಸೀಟು... ನೀವು ಹಿಂದೆನೇ ಬನ್ನಿ." ನಾನು ಮತ್ತೆ ಛೇಡಿಸಲಿಲ್ಲ.

ಮರುದಿನ ನಾನು ಕಂಡದ್ದನ್ನು ಪರೀಕ್ಷಾಲಯದವರು ಯಾರೂ ನಂಬಲಿಲ್ಲ. ಕವಲುದಾರಿಯಲ್ಲಿ ಅವರ ಪುಟ್ಟ ಕಾರು ಸುತ್ತುದಾರಿಯ ಕಡೆ ಅರೆಕ್ಷಣ ವಾಲಿ, ಆಮೇಲೆ ಏರುರಸ್ತೆಗೆ ತಿರುಗಿತು. ತಿರುಗಿದ್ದೇ ಗುಡುಗುತ್ತ ಹತ್ತತೊಡಗಿತು. ಜಿರಳೆ ತುಳಿಯುವ ನಾನೇ ಹಿಂದೆ ಬಿದ್ದೆ. ಅಷ್ಟು ವರ್ಷ ಕಾಪಾಡಿಕೊಂಡು ಬಂದ ಕಾಲು ಅಂದು ಪೆಡಲಿನ ಮೇಲೆ ಮನುಷ್ಯನ ಕಾಲಿನ ಹಾಗೆ ಕೂತಿತ್ತು.

ತಂಗಿಯ ಮನೆಯ ಗೇಟಿನಲ್ಲಿ ಆಕೆ ಅಂಗಡಿಗೆ ಹೊರಟು ನಿಂತಿದ್ದರು. ಗಿಡ್ಡನೆಯ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದರು. ನಾನು ಸ್ವಲ್ಪ ಹಿಂದೆ ಕಾರು ನಿಲ್ಲಿಸಿ ಗಾಜು ಇಳಿಸಿದೆ, ಮಾತು ಕೇಳಿಸುತ್ತಿತ್ತು.

"ಏರು ಹತ್ತಿಸ್ಕೊಂಡು ಬಂದ್ರಾ?" ಬಿಸಿಯೇರಿದ ಎಂಜಿನ್ನಿನ ವಾಸನೆ ಆಕೆಗೂ ತಿಳಿದಿರಬೇಕು.

"ಹೂಂ."

"ಎಷ್ಟು ಕುಡೀತು?"

"ನೋಡ್ಲಿಲ್ಲ."

ಆಕೆ ಕನ್ನಡಕವನ್ನು ಕಣ್ಣಿಗೆ ಇಳಿಸಿ ಗಂಡನ ಮುಖವನ್ನು ನೋಡಿದರು, ಬಗ್ಗಿ ಕಾರಿನೊಳಗೆ ನೋಡಿದರು. "ಬೋಲ್ಟು ಸರಿಯಾಗಿ ಬಿಗಿದಿದೀರಾ? ಬೀಳಲ್ಲ ಅಲ್ವಾ?"

"ಬಿಗಿದಿದೀನಿ."

"ಅಂಗಡಿ ತನಕ ಬಿಡಿ."

ಅಂಗಡಿ ಹೆಚ್ಚು ದೂರವಿರಲಿಲ್ಲ. ನಾನು ಹಿಂದೆಯೇ ಹೋದೆ. ಮೊದಲ ತಿರುವು ಕಳೆಯುವುದರೊಳಗೆ ಮುಂದಿನ ಕಾರಿನ ಪಕ್ಕದ ಕಿಟಕಿಯ ಗಾಜು ಕೆಳಗಿಳಿಯಿತು. ಒಂದು ಕೈ ಹೊರಗೆ ಬಂತು. ಬೆರಳುಗಳನ್ನು ಅಗಲಿಸಿ, ಅಂಗೈಯನ್ನು ಎದುರುಗಾಳಿಗೆ ಒಡ್ಡಿ, ಆ ಕೈ ದಾರಿಯುದ್ದಕ್ಕೂ ಹಾಗೆಯೇ ಇತ್ತು. ಕಾರು ನಿಧಾನವಾಗಲಿಲ್ಲ. ಒಳಗಿನಿಂದ ಯಾರೂ ಬೇಡ ಎಂದಂತೆ ಕಾಣಲಿಲ್ಲ.

ಅಂಗಡಿಯ ಮುಂದೆ ಆಕೆ ಇಳಿದರು. ಬೆಣ್ಣೆಗಾಲಿನವರು ಖಾಲಿಯಾದ ಸೀಟಿನ ಮೇಲೆ ಕೈಯೂರಿ, ಕಿಟಕಿಯತ್ತ ಬಾಗಿ, "ಸಂಜೆ ಬರ್ಲಾ?" ಎಂದು ಕೇಳಿದರು. ಅವರು ಆಕೆಯನ್ನು ಏನಾದರೂ ಕೇಳಿದ್ದು ಬಹುಶಃ ಅದೇ ಮೊದಲು.

"ಸಂಜೆ ನಂಗೆ ಬಸ್ಸಿದೆ" ಎಂದರು ಆಕೆ. ದನಿಯಲ್ಲಿ ಕೋಪವಿರಲಿಲ್ಲ, ಕೋಪ ತಣ್ಣಗಾಗಿ, ಅದರ ಜಾಗದಲ್ಲಿ ಬೇರೊಂದು ಬದುಕು ಕುದುರಿಕೊಂಡಿತ್ತು. ಮೆಟ್ಟಿಲು ಹತ್ತಿ ಬಾಗಿಲಿಗೆ ಕೈಯಿಟ್ಟವರು ಒಮ್ಮೆ ತಿರುಗಿದರು. "ಸೀಟು ಮಾತ್ರ ತೆಗೀಬೇಡಿ" ಎಂದು ಹೇಳಿ ಒಳಗೆ ಹೋದರು.

ನಾನು ಇಳಿದು ಹತ್ತಿರ ಹೋದೆ. ಅವರೂ ಇಳಿದು ನನ್ನ ಕಡೆ ನಡೆದು ಬರುತ್ತಿದ್ದರು. "ಏನಂದ್ರು?" ಎಂದೆ, ಕೇಳಿಸಿದ್ದರೂ. "ಬಿಟ್ಬಿಡಿ, ತಾನೇ..." ಎಂದು ಶುರುಮಾಡಿದವರು ಬೀದಿಯ ನಡುವೆ ಗಕ್ಕನೆ ನಿಂತುಬಿಟ್ಟರು. ಅವರು ಹಾಗೆ ನಿಂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೋಟಿನ ಮೇಲಿನ ಗುಂಡಿ ಬಿಚ್ಚಿತ್ತು. ಬೆಟ್ಟದ ಗಾಳಿಗೆ ಅದರ ಅಂಚು ಪಟಪಟ ಬಡಿಯುತ್ತಿತ್ತು. ಮಾತನ್ನು ಅವರು ಮುಗಿಸಲಿಲ್ಲ.

ಈಗಲೂ ಅವರು ತಿಂಗಳಿಗೊಮ್ಮೆ ಬೆಟ್ಟ ಹತ್ತುತ್ತಾರೆ, ಹೆಂಡತಿಯನ್ನು ಅಂಗಡಿಯ ತನಕ ಬಿಡುತ್ತಾರೆ, ಮರಳುವಾಗ ಪಕ್ಕದ ಸೀಟು ಖಾಲಿಯಾಗಿಯೇ ಬರುತ್ತದೆ. ಉಳಿಸುವವರದು ಒಂದು ಪಂಗಡವೇ ಇದೆ ಲೋಕದಲ್ಲಿ. ಅವರು ಎಣ್ಣೆಯನ್ನು ಉಳಿಸುತ್ತಾರೆ, ಮಾತನ್ನು ಉಳಿಸುತ್ತಾರೆ, ಹೆಜ್ಜೆಯನ್ನೂ ಸಿಟ್ಟನ್ನೂ ಕಣ್ಣೀರನ್ನೂ ಉಳಿಸುತ್ತಾರೆ. ನಮ್ಮಂಥ ದುಂದುಗಾರರು ಇನ್ನೂ ಒಂದಿಷ್ಟು ಚೊಕ್ಕಟವಾದ ಗಾಳಿಯನ್ನು ಉಸಿರಾಡುತ್ತಿದ್ದರೆ ಅದು ಅವರ ಪುಣ್ಯ. ಅವರನ್ನು ಲೇವಡಿ ಮಾಡುವ ಹಕ್ಕು ನನಗಿಲ್ಲ. ಆದರೆ ಹಗುರವಾಗಬೇಕೆಂದು ಅವರು ಒಂದೊಂದಾಗಿ ಇಳಿಸಿ ಇಡುತ್ತ ಹೋಗುವಾಗ, ಯಾವುದು ಭಾರ, ಯಾವುದು ತಾವು ಹೊತ್ತು ಹೊರಟಿದ್ದ ಜೀವ ಎಂದು ಅವರ ತಕ್ಕಡಿ ಹೇಳುವುದಿಲ್ಲ. ಅದು ತಿಳಿಯುವುದು ಆಮೇಲೆ, ಗಾಡಿ ಹಗುರವಾಗಿ, ನುಣ್ಣಗೆ, ಒಂದು ಹನಿಯೂ ವ್ಯರ್ಥವಾಗದೆ ಓಡತೊಡಗಿದ ಮೇಲೆ.